ಡೆಪ್ಯುಟಿ ನಜೀರ್ ಅಹಮದ್ ಮತ್ತು ‘ಮಿರಾತ್ ಉಲ್ ಅರೂಸ್’ ಕಾದಂಬರಿಯ ಕೀರ್ತಿ

ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಭಾರತೀಯ ಭಾಷೆಗಳಲ್ಲಿ ಕಾದಂಬರಿಯೆಂಬ ಪ್ರಕಾರವನ್ನು ನೆಲೆಗೊಳಿಸಿದವರ ಹೆಸರುಗಳನ್ನು ಒಟ್ಟಾಗಿ ನೋಡಿದಾಗ ಒಂದು ಸಂಗತಿ ಕಣ್ಣಿಗೆ ಬೀಳುತ್ತದೆ. ಅವರಲ್ಲಿ ಅನೇಕರು ಸರ್ಕಾರಿ ನೌಕರರು. ‘ದುರ್ಗೇಶನಂದಿನಿ’ಯ (1865) ಬಂಕಿಮಚಂದ್ರರು ಡೆಪ್ಯುಟಿ ಮ್ಯಾಜಿಸ್ಟ್ರೇಟರು, ‘ಇಂದುಲೇಖಾ’ದ (1889) ಚಂದು ಮೇನೋನರು ನ್ಯಾಯಾಧಿಕಾರಿ, ನಮ್ಮ ‘ಇಂದಿರಾಬಾಯಿ’ಯ (1899) ಗುಲ್ವಾಡಿ ವೆಂಕಟರಾಯರು ಪೊಲೀಸ್ ಇಲಾಖೆಯವರು. ಕಚೇರಿಯ ಮೇಜಿನಿಂದಲೇ ನಮ್ಮ ಕಾದಂಬರಿ ಎದ್ದು ಬಂದಿತೆಂದರೆ ಅತಿಶಯೋಕ್ತಿಯಾದೀತು. ಆದರೆ ಆ ಮೇಜಿನ ಗುರುತು ಅದರ ಮೈಮೇಲೆ ಉಳಿದಿದೆ. ಉರ್ದುವಿನಲ್ಲಿ ಈ ಸಾಲಿಗೆ ಸೇರುವವರು ನಜೀರ್ ಅಹಮದರು. ಅವರ ಹೆಸರಿಗೆ ಶಾಶ್ವತವಾಗಿ ಅಂಟಿಕೊಂಡ ‘ಡೆಪ್ಯುಟಿ’ ಎಂಬ ಮಾತು ಬಿರುದಲ್ಲ, ಹುದ್ದೆ. ‘ಮಿರಾತ್ ಉಲ್ ಅರೂಸ್’, ಎಂದರೆ ‘ವಧುವಿನ ಕನ್ನಡಿ’, 1869ರಲ್ಲಿ ಪ್ರಕಟವಾಯಿತು. ಅಂದಿನಿಂದ ಇಂದಿನವರೆಗೆ ಆ ಕೃತಿಯನ್ನು ಹೊಗಳಿದವರು, ತೆಗಳಿದವರು, ಅದು ಕಾದಂಬರಿಯೇ ಅಲ್ಲವೆಂದು ವಾದಿಸಿದವರು ಎಲ್ಲರೂ ಅದನ್ನು ಓದಿಯೇ ಓದಿದ್ದಾರೆ. ದೆಹಲಿಯ ಈ ಲೇಖಕನ ಬದುಕನ್ನೂ ಆ ಕೃತಿಗೆ ದೊರೆತ ಮನ್ನಣೆಯ ಏರಿಳಿತಗಳನ್ನೂ ಒಟ್ಟಿಗೆ ಪರಿಶೀಲಿಸುವುದು ಕನ್ನಡ ಕಾದಂಬರಿಯ ಉಗಮವನ್ನು ಅಭ್ಯಸಿಸುವವರಿಗೂ ಪ್ರಯೋಜನಕರವೆಂದು ತೋರುತ್ತದೆ.

ನಜೀರ್ ಅಹಮದರು ಹುಟ್ಟಿದ್ದು ಬಿಜನೋರ್ ಜಿಲ್ಲೆಯ ರೇಹಡ್ ಎಂಬ ಊರಿನಲ್ಲಿ. ಜನನದ ವರ್ಷವನ್ನು 1830ರಿಂದ 1836ರವರೆಗೆ ಬೇರೆ ಬೇರೆಯಾಗಿ ಹೇಳಲಾಗಿದೆ. 1836 ಎಂಬುದು ಹೆಚ್ಚು ಬಳಕೆಯಲ್ಲಿದೆ. ಮನೆತನ ವಿದ್ವತ್ತಿಗೆ ಹೆಸರಾದದ್ದು, ಹಣಕ್ಕಲ್ಲ. ತಂದೆ ಸಆದತ್ ಅಲಿಯವರು ಮಗನಿಗೆ ಪಾರಸಿ ಮತ್ತು ಅರಬ್ಬಿಯ ಮೊದಲ ಪಾಠಗಳನ್ನು ಹೇಳಿಕೊಟ್ಟು, ಮುಂದಿನ ಓದಿಗೆ ದೆಹಲಿಗೆ ಕರೆತಂದು ಔರಂಗಾಬಾದಿ ಮಸೀದಿಯ ಮೌಲ್ವಿ ಅಬ್ದುಲ್ ಖಾಲಿಕರ ಬಳಿ ಬಿಟ್ಟರು. ಆ ಮಸೀದಿಯಲ್ಲಿ ಓದುವ ಹುಡುಗರಿಗೆ ಊಟದ ವ್ಯವಸ್ಥೆ ಇರಲಿಲ್ಲ. ನೆರೆಹೊರೆಯ ಮನೆಗಳಿಂದ ರೊಟ್ಟಿ ಬೇಡಿ ತರಬೇಕು. ನಮ್ಮ ಕಡೆಯ ವಾರಾನ್ನದ ಹುಡುಗರ ಕಥೆಯನ್ನು ಬಲ್ಲವರಿಗೆ ಇದರ ಕಷ್ಟವನ್ನು ವಿವರಿಸಬೇಕಾಗಿಲ್ಲ. ಗುರುಗಳ ಮನೆಯಲ್ಲಿ ಮಸಾಲೆ ಅರೆಯುವ ಕೆಲಸವೂ ಈ ಹುಡುಗನ ಪಾಲಿಗೆ ಬರುತ್ತಿತ್ತು. ಆ ಮನೆಯ ಪುಟ್ಟ ಹುಡುಗಿಯೊಬ್ಬಳು ಅರೆಯುವುದು ನಿಧಾನವಾದಾಗ ಅವನ ಬೆರಳ ಗೆಣ್ಣುಗಳ ಮೇಲೆ ಹೊಡೆಯುತ್ತಿದ್ದಳಂತೆ. ಮುಂದೆ ಅವಳೇ ಅವರ ಪತ್ನಿಯಾದಳು. ವೃದ್ಧಾಪ್ಯದಲ್ಲಿ ಅವರು ತಮ್ಮ ವಿದ್ಯಾರ್ಥಿಗಳಿಗೆ ನಗುನಗುತ್ತಾ ಹೇಳಿಕೊಳ್ಳುತ್ತಿದ್ದ ಕಥೆಯಿದು. ದೆಹಲಿಯ ಅಂತಃಪುರದ ಹೆಂಗಸರ ಮಾತಿನ ಮೇಲೆ ಅವರಿಗೆ ದೊರೆತ ಅಪಾರ ಪ್ರಭುತ್ವದ ಬೇರು ಈ ಅಡುಗೆಮನೆಯಲ್ಲಿಯೇ ಇದ್ದಿರಬೇಕೆಂದು ಊಹಿಸುವುದು ತಪ್ಪಾಗಲಾರದು.

1846ರಲ್ಲಿ ಅವರು ದೆಹಲಿ ಕಾಲೇಜನ್ನು ಸೇರಿದರು. ಕಾಲೇಜಿನ ಸಮಾರಂಭವೊಂದನ್ನು ನೋಡಲು ನುಗ್ಗಿದ ಹುಡುಗ ಜನಸಂದಣಿಯಲ್ಲಿ ಜಾರಿ ಬಿದ್ದು, ಎತ್ತಿದವರು ಏನು ಓದುತ್ತಿರುವೆಯೆಂದು ಕೇಳಲಾಗಿ, ಮುಫ್ತಿ ಸದ್ರುದ್ದೀನ್ ಆಜುರ್ದಾ ಅವರಂಥ ವಿದ್ವಾಂಸರ ಪರೀಕ್ಷೆಯಲ್ಲಿ ಅಲ್ಲಿಯೇ ತೇರ್ಗಡೆಯಾಗಿ ವಿದ್ಯಾರ್ಥಿವೇತನ ಪಡೆದನೆಂಬ ಐತಿಹ್ಯವಿದೆ. ಆಗ ಆ ಕಾಲೇಜು ಕಶ್ಮೀರಿ ಗೇಟಿನ ಬಳಿ, ದಾರಾ ಶಿಕೋಹನ ಗ್ರಂಥಾಲಯವೆಂದು ಹೆಸರಾದ ಕಟ್ಟಡದಲ್ಲಿ ನಡೆಯುತ್ತಿತ್ತು. ಗಣಿತ, ಖಗೋಳ, ವಿಜ್ಞಾನಗಳನ್ನು ಉರ್ದುವಿನಲ್ಲಿಯೇ ಕಲಿಸಿದ ಸಂಸ್ಥೆಯದು. ಗಣಿತಜ್ಞ ಮಾಸ್ಟರ್ ರಾಮಚಂದ್ರರು ಅಲ್ಲಿನ ಅಧ್ಯಾಪಕರು. ಮುಹಮ್ಮದ್ ಹುಸೇನ್ ಆಜಾದ್, ಮುನ್ಷಿ ಜಕಾವುಲ್ಲಾ ಮೊದಲಾದವರು ಸಹಪಾಠಿಗಳು. ನಜೀರ್ ಅಹಮದರು ಇಂಗ್ಲಿಷ್ ವಿಭಾಗವನ್ನು ಸೇರಲಿಲ್ಲ. ತಂದೆ ಅದಕ್ಕೆ ಸುತರಾಂ ಒಪ್ಪಲಿಲ್ಲ. ಅರಬ್ಬಿ ವಿಭಾಗದಲ್ಲಿ ಓದುತ್ತಲೇ ಪಾಶ್ಚಾತ್ಯ ವಿಜ್ಞಾನದ ಗಾಳಿಯನ್ನು ಉಸಿರಾಡಿದ ಈ ಅನುಭವ ಅವರ ಬರವಣಿಗೆಯಲ್ಲಿ ಕೊನೆಯವರೆಗೂ ಕಾಣುತ್ತದೆ. ಮಾತೃಭಾಷೆಯ ಮೂಲಕ ಉನ್ನತ ಶಿಕ್ಷಣ ಸಾಧ್ಯವೇ ಎಂದು ನಾವು ಇನ್ನೂ ಚರ್ಚಿಸುತ್ತಿರುವಾಗ, 1857ಕ್ಕೆ ಹಿಂದೆಯೇ ಒಂದು ತಲೆಮಾರನ್ನು ಹಾಗೆ ಬೆಳೆಸಿದ ಈ ಕಾಲೇಜಿನ ಚರಿತ್ರೆ ನಮ್ಮವರ ಗಮನಕ್ಕೆ ಬರಬೇಕಾದಷ್ಟು ಬಂದಿಲ್ಲ.

ಓದು ಮುಗಿಸಿ ಪಂಜಾಬಿನ ಕುಂಜಾಹ್‌ನಲ್ಲಿ ಉಪಾಧ್ಯಾಯರಾಗಿ, ಅನಂತರ ಕಾನ್ಪುರದಲ್ಲಿ ಶಾಲೆಗಳ ಡೆಪ್ಯುಟಿ ಇನ್ಸ್‌ಪೆಕ್ಟರಾಗಿ ಕೆಲಸ ಮಾಡಿದರು. 1857ರ ದಂಗೆಯ ವೇಳೆಗೆ ದೆಹಲಿಯಲ್ಲಿದ್ದರು. ಗಾಯಗೊಂಡ ಆಂಗ್ಲ ಮಹಿಳೆಯೊಬ್ಬಳಿಗೆ ಅವರ ಕುಟುಂಬ ಆಶ್ರಯವಿತ್ತಿತು. ನಗರವನ್ನು ಇಂಗ್ಲಿಷರು ಮರಳಿ ಹಿಡಿದ ಬಳಿಕ ಸಾವಿರಾರು ಮನೆತನಗಳು ನಾಶವಾದಾಗ ಇವರ ಮನೆತನ ಉಳಿದುದಕ್ಕೂ, ಅವರಿಗೆ ಮತ್ತೆ ನೌಕರಿ ದೊರೆತುದಕ್ಕೂ ಇದು ಕಾರಣ. ಅಲಹಾಬಾದಿನಲ್ಲಿ ಸ್ವಂತ ಶ್ರಮದಿಂದ ಇಂಗ್ಲಿಷ್ ಕಲಿತು, ಭಾರತೀಯ ದಂಡಸಂಹಿತೆಯನ್ನು ಉರ್ದುವಿಗೆ ತರುವ ಕಾರ್ಯದಲ್ಲಿ ತೊಡಗಿದರು. ಆ ಅನುವಾದದ ಅನೇಕ ಪಾರಿಭಾಷಿಕ ಪದಗಳು ಉತ್ತರ ಭಾರತದ ನ್ಯಾಯಾಲಯಗಳಲ್ಲಿ ನೆಲೆನಿಂತವು. ಈ ಕೆಲಸದಿಂದ ತಹಸೀಲ್ದಾರರಾಗಿ, 1863ರ ಸುಮಾರಿಗೆ ಡೆಪ್ಯುಟಿ ಕಲೆಕ್ಟರರಾದರು.

ಇನ್ನು ‘ಮಿರಾತ್ ಉಲ್ ಅರೂಸ್’ ಹುಟ್ಟಿದ ಪ್ರಸಂಗ. ಲೇಖಕರೇ ಹೇಳಿಕೊಂಡಿರುವಂತೆ, ತಮ್ಮ ಹೆಣ್ಣುಮಕ್ಕಳಿಗೆ ಓದಿಸಲು ಯೋಗ್ಯವಾದ ಪುಸ್ತಕ ಉರ್ದುವಿನಲ್ಲಿ ಸಿಗದೆ ಅವರು ತಾವೇ ದಿನಕ್ಕಿಷ್ಟು ಎಂದು ಬರೆದುಕೊಡತೊಡಗಿದರು. ಶಿಕ್ಷಣ ಇಲಾಖೆಯ ನಿರ್ದೇಶಕ ಕೆಂಪ್ಸನ್ ಸಾಹೇಬರು ಪ್ರವಾಸದಲ್ಲಿದ್ದಾಗ ಲೇಖಕರ ಮಗ, ಬಾಲಕ ಬಶೀರ್, ತನ್ನ ಪುಸ್ತಕಕ್ಕಿಂತ ಅಕ್ಕಂದಿರ ಪುಸ್ತಕವೇ ಚೆನ್ನಾಗಿದೆಯೆಂದು ಹೇಳಿ ಆ ಹಸ್ತಪ್ರತಿಯನ್ನು ತಂದು ತೋರಿಸಿದನಂತೆ. ಸೊಗಸಾದ ಕಥೆ. ಆದರೆ ವಾಯವ್ಯ ಪ್ರಾಂತಗಳ ಸರ್ಕಾರ ಉಪಯುಕ್ತವಾದ ದೇಶಭಾಷಾ ಗ್ರಂಥಗಳಿಗೆ ಬಹುಮಾನ ಘೋಷಿಸಿ, ಹೆಂಗಸರಿಗಾಗಿ ಬರೆದವುಗಳಿಗೆ ವಿಶೇಷ ಸ್ವಾಗತವಿದೆಯೆಂದು ಪ್ರಕಟಿಸಿದ್ದು 1868ರ ಆಗಸ್ಟಿನಲ್ಲಿ. ಪುಸ್ತಕ ಅಚ್ಚಾದದ್ದು ಮರುವರ್ಷ. ಲೆಫ್ಟಿನೆಂಟ್ ಗವರ್ನರ್ ಸರ್ ವಿಲಿಯಂ ಮ್ಯೂರ್ ಅವರು ಅದಕ್ಕೆ 1,000 ರೂಪಾಯಿಗಳ ಬಹುಮಾನವನ್ನಿತ್ತು, ತಮ್ಮ ವತಿಯಿಂದ ಗಡಿಯಾರವೊಂದನ್ನೂ ಕೊಟ್ಟರು. ಸರ್ಕಾರ 2,000 ಪ್ರತಿಗಳನ್ನು ಕೊಂಡಿತು. ಶಾಲೆಗಳಿಗೆ ಶಿಫಾರಸು ಮಾಡಲಾಯಿತು. ಮಗಳಿಗೆ ಬರೆದದ್ದೋ, ಮ್ಯೂರ್ ಸಾಹೇಬರಿಗೆ ಬರೆದದ್ದೋ ಎಂಬ ಪ್ರಶ್ನೆ ವಿಮರ್ಶೆಯಲ್ಲಿ ಆಗಾಗ ತಲೆಯೆತ್ತುವುದು ಇದರಿಂದ. ಎರಡೂ ನಿಜವಾಗಿರಬಾರದೇಕೆ ಎಂಬುದು ನನ್ನ ಅನಿಸಿಕೆ. ಮನೆಗಾಗಿ ಬರೆದ ಪುಸ್ತಕವನ್ನು ಬಹುಮಾನಕ್ಕೆ ಕಳುಹಿಸುವುದು ಅಪರಾಧವೇನಲ್ಲ.

ಕಥಾವಸ್ತು ಸರಳ. ಅಕ್ಬರಿ ಮತ್ತು ಅಸ್ಗರಿ ಎಂಬ ಅಕ್ಕತಂಗಿಯರು ಆಕಿಲ್ ಮತ್ತು ಕಾಮಿಲ್ ಎಂಬ ಅಣ್ಣತಮ್ಮಂದಿರನ್ನು ಮದುವೆಯಾಗುತ್ತಾರೆ. ಅಜ್ಜಿಯ ಮುದ್ದಿನಲ್ಲಿ ಬೆಳೆದ ಅಕ್ಬರಿ ಅತ್ತೆಯೊಡನೆ ಜಗಳವಾಡಿ ಬೇರೆ ಮನೆ ಹೂಡಿಸುತ್ತಾಳೆ. ಹಜ್ ಮಾಡಿ ಬಂದವಳೆಂದು ಹೇಳಿಕೊಳ್ಳುವ ಠಕ್ಕ ಮುದುಕಿಯ ಮಾತಿಗೆ ಮರುಳಾಗಿ ಒಡವೆಗಳನ್ನೆಲ್ಲ ಕಳೆದುಕೊಳ್ಳುತ್ತಾಳೆ. ಅಸ್ಗರಿ ಅದೇ ಮನೆಗೆ ಬಂದು, ಬಹುಕಾಲದಿಂದ ಲೆಕ್ಕದಲ್ಲಿ ವಂಚಿಸುತ್ತಿದ್ದ ಅಡುಗೆಯ ಹೆಂಗಸು ಮಾಮಾ ಅಜ್ಮತ್‌ಳನ್ನು ಬಯಲಿಗೆಳೆದು, ಸಾಲ ತೀರಿಸುವ ದಾರಿ ಕಾಣಿಸಿ, ಗಂಡನನ್ನು ನೌಕರಿಗೆ ಹಚ್ಚಿ, ಬೀದಿಯ ಹುಡುಗಿಯರಿಗೆ ಮನೆಯಲ್ಲಿಯೇ ಶಾಲೆ ತೆರೆದು, ನಾದಿನಿಗೆ ಶ್ರೀಮಂತರ ಸಂಬಂಧ ಕುದುರಿಸುತ್ತಾಳೆ. ನೀತಿ ಇಷ್ಟೆ. ಆದರೆ ಈ ಅಸ್ಥಿಪಂಜರಕ್ಕೆ ನಜೀರ್ ಅಹಮದರು ತುಂಬಿದ ಮಾಂಸ ಬೇರೆಯದು. ತರಕಾರಿಯವನ ಬಾಕಿ, ಬಟ್ಟೆ ವ್ಯಾಪಾರಿಯ ಪಟ್ಟಿ, ತುಪ್ಪದ ಬೆಲೆ, ಅತ್ತೆಯ ಗೊಣಗಾಟ, ನೆರೆಮನೆಯ ಕುಹಕ ಇವೆಲ್ಲ ಅಷ್ಟರ ತನಕ ಉರ್ದು ಗದ್ಯದೊಳಗೆ ಕಾಲಿಟ್ಟಿರಲಿಲ್ಲ. ಮಾಯಾವಿಗಳೂ ರಾಜಕುಮಾರರೂ ಆಳುತ್ತಿದ್ದ ದಾಸ್ತಾನಿನ ಲೋಕದಲ್ಲಿ ಅಡುಗೆಯವಳ ಲೆಕ್ಕಪುಸ್ತಕವೇ ಕಥೆಯ ತಿರುವಾಗಬಲ್ಲುದೆಂದು ತೋರಿಸಿದ್ದು ಸಣ್ಣ ಸಾಧನೆಯಲ್ಲ. ಇನ್ನೊಂದು ವಿಶೇಷವಿದೆ. ಕೆಂಪುಕೋಟೆಗೂ ಜಾಮಾ ಮಸೀದಿಗೂ ನಡುವೆ ಇದ್ದ ಖಾನಂ ಬಜಾರಿನಲ್ಲಿ ಅಸ್ಗರಿ ಕಟ್ಟಿಸಿದ ಮಹಲನ್ನು ಲೇಖಕರು ಈಗಲೂ ನಿಂತಿರುವಂತೆ ಹೆಸರಿಸುತ್ತಾರೆ. ಆ ಬಜಾರು 1857ರ ಬಳಿಕ ನೆಲಸಮವಾಗಿತ್ತು. ಸುಧಾರಣೆಯ ಕಥೆಯ ತಳದಲ್ಲಿ ಇಲ್ಲವಾದ ಊರೊಂದರ ನೆನಪು ಹೀಗೆ ಅಡಗಿದೆ.

ಇದೇ ಕಾಲಕ್ಕೆ ಅಮೆರಿಕದಲ್ಲಿ ಲೂಯಿಸಾ ಮೇ ಆಲ್ಕಾಟಳ ‘ಲಿಟಲ್ ವಿಮೆನ್’ ಎರಡು ಭಾಗಗಳಲ್ಲಿ, 1868 ಮತ್ತು 1869ರಲ್ಲಿ, ಹೊರಬಂದಿತು. ಹುಡುಗಿಯರಿಗೊಂದು ಪುಸ್ತಕ ಬೇಕೆಂಬ ಪ್ರಕಾಶಕನ ಒತ್ತಾಯದಿಂದ ಬರೆದುದು ಅದು. ಅಕ್ಕತಂಗಿಯರ ಕಥೆ, ಮನೆಯೇ ರಂಗಭೂಮಿ, ದೋಷಗಳನ್ನು ತಿದ್ದಿಕೊಳ್ಳುವುದೇ ಕ್ರಿಯೆ. ಎರಡು ಕೃತಿಗಳಿಗೂ ಪರಸ್ಪರ ಪರಿಚಯವಿರಲಿಲ್ಲ. ಆದರೂ ಅವುಗಳ ವಿಮರ್ಶೆಯ ಹಾದಿಗಳು ವಿಸ್ಮಯ ಹುಟ್ಟಿಸುವಷ್ಟು ಸಮಾನಾಂತರವಾಗಿವೆ. ಎರಡನ್ನೂ ಜನ ಒಮ್ಮೆಗೇ ಕೊಂಡು ಓದಿದರು. ಎರಡನ್ನೂ ಪಂಡಿತರು ಹುಡುಗಿಯರ ಪುಸ್ತಕವೆಂಬ ಕಪಾಟಿನಲ್ಲಿಟ್ಟು ದಶಕಗಳ ಕಾಲ ಮರೆತರು. ಎರಡನ್ನೂ ಇಪ್ಪತ್ತನೆಯ ಶತಮಾನದ ಕೊನೆಯ ದಶಕಗಳಲ್ಲಿ ಸ್ತ್ರೀವಾದಿ ಚಿಂತನೆ ಮತ್ತೆ ಕೆಳಗಿಳಿಸಿತು. ಭೇದವೂ ಗಮನಾರ್ಹ. ಆಲ್ಕಾಟಳ ಜೋ ಬರಹಗಾರ್ತಿಯಾಗಬಯಸುವವಳು. ಓದುಗರ ಪ್ರೀತಿಯೆಲ್ಲ ಆ ಒರಟು ಹುಡುಗಿಯ ಕಡೆಗೆ. ನಜೀರ್ ಅಹಮದರಲ್ಲಿ ಒರಟುತನ ಅಕ್ಬರಿಯ ಪಾಲು, ಅದಕ್ಕೆ ಶಿಕ್ಷೆ ತಪ್ಪದು. ಒಬ್ಬಳು ಹೆಣ್ಣಾಗಿ ಒಳಗಿನಿಂದ ಬರೆದಳು, ಇನ್ನೊಬ್ಬರು ತಂದೆಯಾಗಿ ಬಾಗಿಲಲ್ಲಿ ನಿಂತು ಬರೆದರು.

ಪುಸ್ತಕದ ಪ್ರಚಾರ ಅಸಾಧಾರಣವಾಗಿತ್ತು. ಇಪ್ಪತ್ತು ವರ್ಷಗಳೊಳಗೆ ಒಂದು ಲಕ್ಷಕ್ಕೂ ಹೆಚ್ಚು ಪ್ರತಿಗಳು ಅಚ್ಚಾದವೆಂದು ಹೇಳಲಾಗುತ್ತದೆ. ಬಂಗಾಳಿ, ಗುಜರಾತಿ, ಪಂಜಾಬಿ ಮೊದಲಾದ ಭಾಷೆಗಳಿಗೆ ಅನುವಾದವಾಯಿತು. 1870ರಲ್ಲಿ ಮೀರತ್ತಿನ ಪಂಡಿತ ಗೌರೀದತ್ತರು ಹಿಂದಿಯಲ್ಲಿ ಬರೆದ ‘ದೇವರಾನಿ ಜೇಠಾನಿ ಕೀ ಕಹಾನಿ’ಯೂ ಇದೇ ಅಚ್ಚಿನದು. ಜಿ. ಇ. ವಾರ್ಡ್ ಅವರ ಇಂಗ್ಲಿಷ್ ಅನುವಾದ 1903ರಲ್ಲಿ ಲಂಡನ್ನಿನಲ್ಲಿ ಪ್ರಕಟವಾಯಿತು. ನಜೀರ್ ಅಹಮದರು ‘ಬನಾತ್ ಉನ್ ನಾಶ್’ (1872) ಎಂಬ ಮುಂದುವರಿಕೆಯಲ್ಲಿ ಅಸ್ಗರಿಯ ಶಾಲೆಯ ಪಾಠಗಳನ್ನು ವಿಸ್ತರಿಸಿದರು. ಅದರಲ್ಲಿ ಭೂಗೋಳವಿದೆ, ವಿಜ್ಞಾನವಿದೆ, ಕಥೆ ಕಡಿಮೆ. ‘ತೌಬತ್ ಉನ್ ನಸೂಹ್’ (1874) ಮಾತ್ರ ಬೇರೆ ಎತ್ತರದ್ದು. ಡೇನಿಯಲ್ ಡಿಫೋನ ‘ದಿ ಫ್ಯಾಮಿಲಿ ಇನ್‌ಸ್ಟ್ರಕ್ಟರ್’ ಕೃತಿಯ ಋಣ ಅದಕ್ಕಿದೆ. ಕಾಲರಾದಿಂದ ಬದುಕುಳಿದ ನಸೂಹ್, ಕನಸಿನಲ್ಲಿ ಪರಲೋಕದ ವಿಚಾರಣೆಯನ್ನು ಕಂಡು, ಸಂಸಾರವನ್ನು ಧರ್ಮಮಾರ್ಗಕ್ಕೆ ತರಲು ಹೊರಡುತ್ತಾನೆ. ಹಿರಿಯ ಮಗ ಕಲೀಮ್ ಕವಿ, ಅವನು ಮಣಿಯುವುದಿಲ್ಲ. ತಂದೆ ಅವನ ಗ್ರಂಥಭಂಡಾರವನ್ನು ಸುಟ್ಟುಹಾಕುತ್ತಾನೆ. ಕಲೀಮ್ ಮನೆ ಬಿಟ್ಟು ಮಿರ್ಜಾ ಜಾಹಿರ್‌ದಾರ್ ಬೇಗ್ ಎಂಬ ಬಡಾಯಿಯ ಗೆಳೆಯನನ್ನು ನಂಬಿ, ಪಾಳುಮಸೀದಿಯಲ್ಲಿ ಹುರಿಗಡಲೆ ತಿಂದು ರಾತ್ರಿ ಕಳೆಯುವ ಪ್ರಕರಣ ಉರ್ದು ಗದ್ಯದ ಅತ್ಯುತ್ತಮ ಹಾಸ್ಯಗಳಲ್ಲೊಂದು. ಕೊನೆಗೆ ಕಲೀಮ್ ಪಶ್ಚಾತ್ತಾಪಪಟ್ಟು ಸಾಯುತ್ತಾನೆ. ಸರ್ಕಾರಕ್ಕೆ ನಸೂಹನ ಪಶ್ಚಾತ್ತಾಪ ಮೆಚ್ಚುಗೆಯಾಯಿತು. ಕೆಂಪ್ಸನ್ನರೇ ಅದನ್ನು 1884ರಲ್ಲಿ ಇಂಗ್ಲಿಷಿಗೆ ತಂದರು. ಓದುಗರಿಗಾದರೋ ನೆನಪಿನಲ್ಲಿ ಉಳಿದವರು ಕಲೀಮ್ ಮತ್ತು ಆ ಮಿರ್ಜಾ. ತಾನು ಖಂಡಿಸಲೆಂದು ಸೃಷ್ಟಿಸಿದ ಪಾತ್ರಗಳಿಗೇ ಪ್ರಾಣ ತುಂಬಿಬಿಡುವುದು ಈ ಲೇಖಕನ ಶಕ್ತಿಯೂ ಹೌದು, ಅವರ ಉದ್ದೇಶಕ್ಕೆ ಒದಗಿದ ಸೋಲೂ ಹೌದು.

1877ರಲ್ಲಿ ಸಾಲಾರ್ ಜಂಗರ ಆಹ್ವಾನದ ಮೇರೆಗೆ ನಜೀರ್ ಅಹಮದರು ಹೈದರಾಬಾದಿಗೆ ತೆರಳಿ ಕಂದಾಯ ಆಡಳಿತದಲ್ಲಿ ಉನ್ನತ ಹುದ್ದೆಗಳನ್ನು ನಿರ್ವಹಿಸಿದರು. ಕನ್ನಡ ಜಿಲ್ಲೆಗಳನ್ನೂ ಒಳಗೊಂಡಿದ್ದ ಆ ಸಂಸ್ಥಾನದ ಆಡಳಿತವನ್ನು ಉತ್ತರದಿಂದ ಬಂದ ಅಧಿಕಾರಿಗಳು ಪುನರ್ರೂಪಿಸುತ್ತಿದ್ದ ಕಾಲವದು. ಅಲ್ಲಿದ್ದಾಗಲೇ ಅವರು ಕುರಾನನ್ನು ಕಂಠಸ್ಥ ಮಾಡಿಕೊಂಡರು. 1883ರಲ್ಲಿ ಸಾಲಾರ್ ಜಂಗರು ತೀರಿಕೊಂಡ ಮೇಲೆ ಆಸ್ಥಾನದ ರಾಜಕೀಯದಿಂದ ಬೇಸತ್ತು, ವಿಶ್ರಾಂತಿವೇತನ ಪಡೆದು ದೆಹಲಿಗೆ ಮರಳಿದರು.

ದೆಹಲಿಯ ಈ ಕೊನೆಯ ಕಾಲು ಶತಮಾನದಲ್ಲಿಯೇ ‘ಫಸಾನಾ ಎ ಮುಬ್ತಲಾ’ (1885), ‘ಇಬ್ನ್ ಉಲ್ ವಕ್ತ್’ (1888), ‘ಅಯಾಮಾ’ (1891) ಬಂದವು. ಇವು ಕ್ರಮವಾಗಿ ಇಬ್ಬರು ಹೆಂಡಿರ ಗಂಡನ ಪಾಡು, ಆಂಗ್ಲ ವೇಷ ತೊಟ್ಟವನ ಏಕಾಕಿತನ, ವಿಧವೆಯ ಒಳಗುದಿ. ‘ಇಬ್ನ್ ಉಲ್ ವಕ್ತ್’ನ ನಾಯಕ 1857ರಲ್ಲಿ ಇಂಗ್ಲಿಷನೊಬ್ಬನನ್ನು ಕಾಪಾಡಿ ಅಧಿಕಾರಿಯಾಗಿ, ಎರಡೂ ಸಮಾಜಗಳಿಗೆ ಸಲ್ಲದವನಾಗುತ್ತಾನೆ. ಇದು ಸರ್ ಸಯ್ಯದ್ ಅಹಮದ್ ಖಾನರ ವಿಡಂಬನೆಯೆಂದು ಜನ ಆಡಿಕೊಂಡರು, ಲೇಖಕರು ಅಲ್ಲಗಳೆದರು. ಅವರು ಸರ್ ಸಯ್ಯದರ ಶಿಕ್ಷಣ ಚಳವಳಿಯ ಪರವಾಗಿ ಸಭೆಗಳನ್ನು ನಗಿಸಿ ಅಳಿಸಿ ಹಣ ಕೂಡಿಸುತ್ತಿದ್ದ ವಾಗ್ಮಿ ಎಂಬುದನ್ನು ನೆನೆದರೆ, ಆ ನಾಯಕನಲ್ಲಿ ಸರ್ ಸಯ್ಯದರಷ್ಟೇ ಡೆಪ್ಯುಟಿ ಸಾಹೇಬರೂ ಇದ್ದಾರೆಂದು ನನಗೆ ತೋರುತ್ತದೆ. 1897ರಲ್ಲಿ ಸರ್ಕಾರ ‘ಶಂಸ್ ಉಲ್ ಉಲಮಾ’ ಬಿರುದನ್ನೂ, 1902ರಲ್ಲಿ ಎಡಿನ್‌ಬರೋ ವಿಶ್ವವಿದ್ಯಾಲಯ ಗೌರವ ಪದವಿಯನ್ನೂ ನೀಡಿದವು.

1890ರ ದಶಕದಲ್ಲಿ ಪ್ರಕಟವಾದ ಅವರ ಕುರಾನಿನ ಉರ್ದು ಅನುವಾದ ಮನೆಮನೆಗೆ ತಲುಪಿತು. ದೇವವಾಣಿಗೆ ದೆಹಲಿಯ ಬೀದಿಯ ನುಡಿಗಟ್ಟು ಹೊಂದದೆಂಬ ಆಕ್ಷೇಪವೂ ಎದ್ದಿತು. ಕಾದಂಬರಿಯಲ್ಲಿ ಮೆಚ್ಚುಗೆ ಗಳಿಸಿದ ಆ ನುಡಿಗಟ್ಟಿನ ಮೋಹವೇ 1908ರಲ್ಲಿ ಅವರಿಗೆ ಮುಳುವಾಯಿತು. ಪ್ರವಾದಿಯವರ ಪತ್ನಿಯರನ್ನು ಕುರಿತು, ಕ್ರೈಸ್ತ ಮಿಶನರಿ ವಾದಗಳಿಗೆ ಉತ್ತರವಾಗಿ ಅವರು ಬರೆದ ‘ಉಮ್ಮಹಾತ್ ಉಲ್ ಉಮ್ಮಾ’ದ ಸಲಿಗೆಯ ಭಾಷೆ ಅವಮಾನಕರವೆಂದು ಕೋಲಾಹಲವೆದ್ದು, ಪ್ರತಿಗಳನ್ನು ದೆಹಲಿಯಲ್ಲಿ ಸುಡಲಾಯಿತು. ನಸೂಹನ ಕೈಯಲ್ಲಿ ಮಗನ ಪುಸ್ತಕಗಳನ್ನು ಸುಡಿಸಿದ ಲೇಖಕ ತನ್ನ ಪುಸ್ತಕಕ್ಕೆ ಬೆಂಕಿ ಬಿದ್ದುದನ್ನು ಬದುಕಿರುವಾಗಲೇ ಕಂಡರು. 1912ರಲ್ಲಿ ದೆಹಲಿಯಲ್ಲಿ ಅವರ ನಿಧನವಾಯಿತು.

ಮರಣಾನಂತರದ ಕೀರ್ತಿಯ ಕಥೆ ಇನ್ನೂ ವಿಚಿತ್ರ. ಮೌಲಾನಾ ಅಶ್ರಫ್ ಅಲಿ ಥಾನವಿಯವರು ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಹೆಂಗಸರಿಗೆಂದೇ ಬರೆದ ‘ಬಿಹಿಶ್ತಿ ಜೇವರ್’ನಲ್ಲಿ, ಓದಬಾರದ ಪುಸ್ತಕಗಳ ಪಟ್ಟಿಯೊಳಗೆ ‘ಮಿರಾತ್ ಉಲ್ ಅರೂಸ್’ ಮತ್ತು ಅದರ ಸೋದರ ಕೃತಿಗಳನ್ನೂ ಸೇರಿಸಿದ್ದರು. ಅವುಗಳಲ್ಲಿ ವಿವೇಕದ ಮಾತುಗಳ ಜೊತೆಗೆ ಶ್ರದ್ಧೆಯನ್ನು ಸಡಿಲಿಸುವ ಮಾತುಗಳೂ ಇವೆಯೆಂಬುದು ಅವರ ಅಭಿಪ್ರಾಯ. ನೀತಿಬೋಧೆಯೇ ಅತಿಯಾಯಿತೆಂದು ಮುಂದಿನ ಸಾಹಿತ್ಯ ವಿಮರ್ಶಕರು ದೂರಿದ ಪುಸ್ತಕವನ್ನು ನೀತಿಬೋಧಕರೊಬ್ಬರು ನೀತಿ ಸಾಲದೆಂದು ತಳ್ಳಿದ್ದರು. 1927ರಲ್ಲಿ ಅವರ ಶಿಷ್ಯ ಮಿರ್ಜಾ ಫರ್ಹತುಲ್ಲಾ ಬೇಗ್ ಬರೆದ ವ್ಯಕ್ತಿಚಿತ್ರ ನಜೀರ್ ಅಹಮದರನ್ನು ಹೊಟ್ಟೆತುಂಬ ತಿನ್ನುವ, ಕಾಸಿಗೆ ಕಾಸು ಎಣಿಸುವ, ಪಾಠ ಹೇಳುವಾಗ ಮೈಮರೆಯುವ ಮನುಷ್ಯನಾಗಿ ಚಿತ್ರಿಸಿತು. ಇಂದು ಉರ್ದು ಓದುಗರ ಮನಸ್ಸಿನಲ್ಲಿರುವ ಡೆಪ್ಯುಟಿ ಸಾಹೇಬರು ಬಹುಪಾಲು ಈ ಚಿತ್ರದವರೇ. 1929ರಲ್ಲಿ ಸಿ. ಎಫ್. ಆ್ಯಂಡ್ರೂಸ್ ಬರೆದ ಜಕಾವುಲ್ಲಾರ ಜೀವನಚರಿತ್ರೆಯಲ್ಲಿ ಅವರ ಇನ್ನೊಂದು, ಹೆಚ್ಚು ಗಂಭೀರವಾದ ಮುಖ ಕಾಣಿಸುತ್ತದೆ. ಸ್ವಾತಂತ್ರ್ಯಾನಂತರ ಅಹ್ಸನ್ ಫಾರೂಕಿಯವರು ಈ ಕೃತಿಗಳು ಕಾದಂಬರಿಗಳಲ್ಲ, ರೂಪಕಕಥೆಗಳೆಂದು ವಾದಿಸಿದರು. ಪಾತ್ರಗಳ ಹೆಸರೇ ಅವರ ಗುಣವನ್ನು ಸಾರುವುದರಿಂದ ಈ ವಾದಕ್ಕೆ ಆಧಾರವಿಲ್ಲದಿಲ್ಲ. ರಾಲ್ಫ್ ರಸ್ಸೆಲ್ ಅವರಂಥ ವಿದ್ವಾಂಸರು ವಾಸ್ತವಿಕ ಚಿತ್ರಣ ಹಾಗೂ ಸಂಭಾಷಣೆಯ ಬಲದ ಮೇಲೆ ಅವರನ್ನು ಎತ್ತಿಹಿಡಿದರು. ಸಿ. ಎಂ. ನಯೀಮರು 1984ರಲ್ಲಿ ಬಹುಮಾನ ಯೋಜನೆಯ ದಾಖಲೆಗಳ ಹಿನ್ನೆಲೆಯಲ್ಲಿ ಈ ಕೃತಿಗಳನ್ನು ಪರೀಕ್ಷಿಸಿ, ವಸಾಹತು ಸರ್ಕಾರದ ಅಪೇಕ್ಷೆ ಮತ್ತು ಲೇಖಕನ ಸ್ವಂತ ನಂಬಿಕೆ ಎಲ್ಲಿ ಕೂಡುತ್ತವೆ, ಎಲ್ಲಿ ಬೇರಾಗುತ್ತವೆ ಎಂಬ ಚರ್ಚೆಗೆ ಗಟ್ಟಿ ನೆಲೆ ಒದಗಿಸಿದರು. ಗೇಲ್ ಮಿನಾಲ್ಟ್ ಅವರು 1998ರ ತಮ್ಮ ಗ್ರಂಥದಲ್ಲಿ ಮುಸ್ಲಿಂ ಸ್ತ್ರೀಶಿಕ್ಷಣದ ಚರಿತ್ರೆಯೊಳಗೆ ಅವರಿಗೆ ಸ್ಥಾನ ಕೊಟ್ಟರು. 2001ರಲ್ಲಿ ವಾರ್ಡ್ ಅವರ ಅನುವಾದ ಫ್ರಾನ್ಸಿಸ್ ಪ್ರಿಚೆಟ್ ಅವರ ಹಿನ್ನುಡಿಯೊಡನೆ ದೆಹಲಿಯಿಂದಲೇ ಮರುಮುದ್ರಣಗೊಂಡಿತು.

ಈ ದೀರ್ಘ ವಿಮರ್ಶೆಯಲ್ಲಿ ನಿಜಕ್ಕೂ ಬದಲಾಗುತ್ತ ಬಂದದ್ದು ಅಸ್ಗರಿಯ ಸ್ವರೂಪ. ಮೊದಲ ತಲೆಮಾರಿಗೆ ಅವಳು ಆದರ್ಶ ಸೊಸೆ. ಎರಡನೆಯದಕ್ಕೆ ನೀರಸ ಗೊಂಬೆ. ಇತ್ತೀಚಿನವರಿಗೆ ಅವಳು ಪರದೆಯೊಳಗೆ ಕುಳಿತು ಗಂಡ, ಮಾವ, ಸಾಲಗಾರ, ನೌಕರಿ ಎಲ್ಲವನ್ನೂ ಪತ್ರ ಮತ್ತು ಲೆಕ್ಕದ ಮೂಲಕ ನಿಯಂತ್ರಿಸುವ ಆಡಳಿತಗಾರ್ತಿ, ಎಂದರೆ ಡೆಪ್ಯುಟಿ ಕಲೆಕ್ಟರನ ಸ್ತ್ರೀರೂಪ. ನನಗೆ ಈ ಕೊನೆಯ ಓದು ಹೆಚ್ಚು ಸಮಂಜಸವೆನಿಸುತ್ತದೆ. ಆದರೆ ಅಕ್ಬರಿಗೆ ನ್ಯಾಯ ಇನ್ನೂ ಸಂದಿಲ್ಲ. ಬೇರೆ ಮನೆ ಬೇಕೆಂದ ಅವಳ ಬಯಕೆ ಇಂದಿನ ಓದುಗನಿಗೆ ಅಪರಾಧವೆಂದು ತೋರುವುದಿಲ್ಲ. 2011ರಲ್ಲಿ ಪಾಕಿಸ್ತಾನದಲ್ಲಿ ‘ಅಕ್ಬರಿ ಅಸ್ಗರಿ’ ಎಂಬ ದೂರದರ್ಶನ ಧಾರಾವಾಹಿಯೇ ಬಂದಿತು. ಅಲ್ಲಿ ಈ ಇಬ್ಬರ ಹೆಸರುಗಳೇ ಹಾಸ್ಯದ ಸಾಮಗ್ರಿ.

ಕನ್ನಡದಲ್ಲಿ ಇದಕ್ಕೆ ಹತ್ತಿರದ ಹೋಲಿಕೆ ‘ಇಂದಿರಾಬಾಯಿ’ಯಲ್ಲ, ನಂಜನಗೂಡು ತಿರುಮಲಾಂಬಾ ಅವರ ‘ಸುಶೀಲೆ’ (1913). ಅಲ್ಲಿಯೂ ಆದರ್ಶ ಗೃಹಿಣಿಯೇ ಕೇಂದ್ರ, ಅಲ್ಲಿಯೂ ಓದುಗರು ಹೇರಳ, ಅಲ್ಲಿಯೂ ವಿಮರ್ಶೆಯ ಉಪೇಕ್ಷೆ ದೀರ್ಘ. ಆದರೆ ‘ಸತೀ ಹಿತೈಷಿಣಿ’ ಗ್ರಂಥಮಾಲೆಯನ್ನು ಸ್ವತಃ ನಡೆಸಿದ ಬಾಲವಿಧವೆ ತಿರುಮಲಾಂಬಾ ಅವರ ಬೆನ್ನಿಗೆ ಮ್ಯೂರ್ ಸಾಹೇಬರ ಗಡಿಯಾರವಿರಲಿಲ್ಲ. ಈ ಎರಡು ಕೃತಿಗಳನ್ನು ಪಕ್ಕಪಕ್ಕದಲ್ಲಿಟ್ಟು ನಡೆಸುವ ವಿಸ್ತೃತ ಅಧ್ಯಯನವೊಂದನ್ನು ನಮ್ಮ ಸಂಶೋಧನ ವಿದ್ಯಾರ್ಥಿಗಳು ಕೈಗೆತ್ತಿಕೊಳ್ಳಬಹುದು.

ಅಕ್ಕಂದಿರ ಪುಸ್ತಕವನ್ನು ಸಾಹೇಬರಿಗೆ ತೋರಿಸಿದ ಬಾಲಕ ಬಶೀರುದ್ದೀನ್ ಅಹಮದ್ ಮುಂದೆ ಹೈದರಾಬಾದ್ ಸಂಸ್ಥಾನದ ಅಧಿಕಾರಿಯಾದರು. 1919ರಲ್ಲಿ ಅವರು ಪ್ರಕಟಿಸಿದ ದೆಹಲಿಯ ಬೃಹತ್ ಚರಿತ್ರೆ ಆ ನಗರದ ಸ್ಮಾರಕಗಳನ್ನು ಅಭ್ಯಸಿಸುವವರಿಗೆ ಆಕರಗ್ರಂಥ. ಅದಕ್ಕೂ ಮೊದಲು, 1915ರಲ್ಲಿ, ಅವರು ‘ವಾಕಿಆತ್ ಎ ಮಮ್ಲಕತ್ ಎ ಬಿಜಾಪುರ್’ ಎಂಬ ಆದಿಲಶಾಹಿ ಚರಿತ್ರೆಯನ್ನು ಮೂರು ಸಂಪುಟಗಳಲ್ಲಿ ಹೊರತಂದಿದ್ದರು. ನಜೀರ್ ಅಹಮದರ ಮೊಮ್ಮಗ ಶಾಹಿದ್ ಅಹಮದ್ ದೆಹಲ್ವಿ 1930ರಲ್ಲಿ ದೆಹಲಿಯಿಂದ ‘ಸಾಕಿ’ ಪತ್ರಿಕೆಯನ್ನು ಆರಂಭಿಸಿ, 1947ರಲ್ಲಿ ಊರು ಬಿಟ್ಟು ಕರಾಚಿಗೆ ಹೋದರು. ವಿಜಾಪುರದ ಶಾಸನಗಳನ್ನೂ ಕಟ್ಟಡಗಳನ್ನೂ ಕುರಿತು ಕೆಲಸ ಮಾಡುವ ನಮ್ಮ ಇತಿಹಾಸಕಾರರು ಬಶೀರುದ್ದೀನರ ಆ ಮೂರು ಸಂಪುಟಗಳನ್ನು ಇಂದಿಗೂ ತೆರೆದು ನೋಡಬೇಕಾಗುತ್ತದೆ.